ಪ್ರಯಾಣಿಕರ ಕ್ಷೇಮ ಕಾಯುವ ಕಾಯಕ

ಹಬ್ಬದ ಹಿಂದಿನ ದಿನ ಸಂಜೆಯ ವೇಳೆ ಯಶವಂತಪುರದ ರೈಲು ನಿಲ್ದಾಣಕ್ಕೆ ಹೋದವರಿಗೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಕಿಟಕಿಯ ಒಳಗೆ ಮಕ್ಕಳೊಡನೆ ಕುಳಿತ ಮಗಳು. ಹೊರಗೆ ಪ್ಲಾಟ್‌ಫಾರಂ ಮೇಲೆ ನಿಂತ ತಾಯಿತಂದೆಯರು. ಬುತ್ತಿಯ ಗಂಟು ಕೊನೆಯ ಗಳಿಗೆಯಲ್ಲಿ ಕೈ ಬದಲಾಗುತ್ತದೆ. "ಹುಷಾರಾಗಿ ಹೋಗಿ ಬಾರಮ್ಮ, ಊರು ಮುಟ್ಟಿದ ಕೂಡಲೇ ಫೋನು ಮಾಡು" ಎಂಬ ಮಾತು ಒಂದಲ್ಲ ಒಂದು ಕಿಟಕಿಯ ಬಳಿ ಕೇಳಿಯೇ ಕೇಳುತ್ತದೆ. ಗಾಡಿ ಹೊರಟ ಮೇಲೆ ಮನೆಗೆ ಮರಳಿದ ಹಿರಿಯರಿಗೆ ಆ ರಾತ್ರಿ ಅರೆನಿದ್ರೆ. ಬೆಳಿಗ್ಗೆ "ಮುಟ್ಟಿದೆವು" ಎಂಬ ಒಂದು ಮಾತು ಕೇಳಿದ ಮೇಲೆಯೇ ಸಮಾಧಾನ.

ಆ ಒಂದು ಮಾತು ನಮ್ಮ ಕಿವಿಗೆ ಬೀಳುವುದಕ್ಕೆ ಎಷ್ಟು ಮಂದಿ ಕಾರಣರಾಗಿರುತ್ತಾರೆಂದು ನಾವು ಯೋಚಿಸುವುದು ವಿರಳ. ಗಾಡಿ ನಡೆಸುವವರನ್ನು ಬಲ್ಲೆವು. ಟಿಕೆಟ್ ನೋಡುವವರನ್ನೂ ಬಲ್ಲೆವು. ಆದರೆ ಗಾಲಿಯಲ್ಲಿ ಬಿರುಕಿಲ್ಲವೆಂದು, ಹಳಿ ಸರಿದಿಲ್ಲವೆಂದು, ಸಿಗ್ನಲ್ಲಿನ ತಂತಿ ತನ್ನ ಜಾಗದಲ್ಲೇ ಇದೆಯೆಂದು, ಬಸ್ಸಿನ ಬ್ರೇಕು ಹಿಡಿಯುತ್ತದೆಂದು ಪರೀಕ್ಷಿಸಿ ಸಹಿ ಹಾಕಿದವರ ಮುಖವನ್ನು ನಾವು ಕಂಡಿರುವುದಿಲ್ಲ. ಬೆಂಗಳೂರಿನ ಉತ್ತರ ಭಾಗದಲ್ಲಿ, ಅಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ನೆರೆಯಲ್ಲೇ ಈ ಕೆಲಸ ಹಗಲಿರುಳು ನಡೆಯುತ್ತಿದೆ. ಅದನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

"ಏನೂ ಆಗಲಿಲ್ಲಮ್ಮ"

ನನ್ನ ಸೋದರಮಾವನವರು ರೈಲ್ವೆಯ ಹಳಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಾಲ್ಯದಲ್ಲಿ ರಜೆಗೆ ಅವರ ಮನೆಗೆ ಹೋದಾಗಲೆಲ್ಲ ಒಂದು ಸಂಭಾಷಣೆಯನ್ನು ಕೇಳುತ್ತಿದ್ದೆ. ಅವರು ಧೂಳು ತುಂಬಿದ ಪಾದರಕ್ಷೆಗಳನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಲೇ ಅಜ್ಜಿ, "ಇವತ್ತು ಏನಾಯಿತಪ್ಪ ಕೆಲಸದಲ್ಲಿ?" ಎಂದು ಕೇಳುತ್ತಿದ್ದರು. ಮಾವನವರು "ಏನೂ ಆಗಲಿಲ್ಲಮ್ಮ" ಎನ್ನುತ್ತಿದ್ದರು. ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಏನೂ ಆಗದ ಕೆಲಸಕ್ಕೆ ಸರ್ಕಾರ ಏಕೆ ಸಂಬಳ ಕೊಡುತ್ತದೆಂಬುದು ಆಗ ನನಗೆ ಅರ್ಥವಾಗಿರಲಿಲ್ಲ.

ಒಂದು ಮಾಗಿಯ ಬೆಳಗಿನ ಜಾವ ಅವರಿಗೆ ಹಳಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಬರುತ್ತಿದ್ದ ಪ್ರಯಾಣಿಕರ ಗಾಡಿಯನ್ನು ಕೆಂಪು ದೀಪ ತೋರಿ ನಿಲ್ಲಿಸಿದರು. ದುರಸ್ತಿಯಾಗಿ ಗಾಡಿ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪ್ರಯಾಣಿಕರು ಇಳಿದು ಬಂದು ಬಾಯಿಗೆ ಬಂದಂತೆ ಬೈದರಂತೆ. ಮದುವೆಯ ಮುಹೂರ್ತ ತಪ್ಪಿತೆಂದು ಒಬ್ಬರು, ಪರೀಕ್ಷೆ ತಪ್ಪಿತೆಂದು ಇನ್ನೊಬ್ಬರು. ಅಂದು ಮಾವನವರು ಮನೆಗೆ ಬಂದಾಗ ಅಜ್ಜಿ ಎಂದಿನಂತೆ ಕೇಳಿದರು. ಅವರು ಎಂದಿನಂತೆಯೇ "ಏನೂ ಆಗಲಿಲ್ಲಮ್ಮ" ಎಂದರು. ಬಿರುಕಿನ ಸಂಗತಿ ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಸುರಕ್ಷತೆಯ ಪರೀಕ್ಷಕನ ಕೆಲಸದ ಸ್ವರೂಪವೇ ಇದು. ರೈತನಿಗೆ ರಾಶಿ ಕಾಣುತ್ತದೆ, ನೇಕಾರನಿಗೆ ಸೀರೆ ಕಾಣುತ್ತದೆ. ಇವರ ದುಡಿಮೆಯ ಫಲ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಫಲ ಕೈಗೂಡಿದ ದಿನ ಏನೂ ಆಗುವುದಿಲ್ಲ. ಹೊಗಳಿಕೆಯ ಆಸೆಯಿಲ್ಲದೆ ದುಡಿಯುವುದೇ ಕಾಯಕವೆಂದು ನಂಬಿ ಬಂದಿರುವ ನಮ್ಮ ಮನೆಗಳಿಗೆ ಇದರ ಬೆಲೆ ಸುಲಭವಾಗಿ ತಿಳಿದೀತು.

ಯಲಹಂಕದ ಗಾಲಿ

ಗಾಲಿಯಿಂದಲೇ ಆರಂಭಿಸೋಣ. ಯಲಹಂಕದಲ್ಲಿ 1984ರ ಸೆಪ್ಟೆಂಬರ್ 15ರಂದು ಉದ್ಘಾಟನೆಯಾದ ರೈಲ್ವೆಯ ಕಾರ್ಖಾನೆಯನ್ನು ಹಳೆಯ ಜನ ಇಂದಿಗೂ 'ವ್ಹೀಲ್ ಅಂಡ್ ಆಕ್ಸಲ್' ಎಂದೇ ಕರೆಯುತ್ತಾರೆ. ಈಗ ಅದರ ಹೆಸರು ರೈಲ್ ವ್ಹೀಲ್ ಫ್ಯಾಕ್ಟರಿ. ದೇಶದ ಮೂಲೆಮೂಲೆಯಲ್ಲಿ ಓಡುವ ಬೋಗಿಗಳ ಗಾಲಿ ಮತ್ತು ಅಚ್ಚುಗಳು ಇಲ್ಲಿ ತಯಾರಾಗುತ್ತವೆ. ಸವೆದು ಮೂಲೆ ಸೇರಿದ ಹಳೆಯ ಗಾಲಿ, ಅಚ್ಚು ಮುಂತಾದ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಆ ದ್ರವವನ್ನು ಒತ್ತಡದಿಂದ ಗ್ರಾಫೈಟಿನ ಅಚ್ಚಿನೊಳಕ್ಕೆ ಕೆಳಗಿನಿಂದ ಮೇಲಕ್ಕೆ ಏರಿಸಿ ಗಾಲಿಯನ್ನು ಎರಕ ಹೊಯ್ಯುತ್ತಾರೆ. ನಂತರ ಅದನ್ನು ಕಾಯಿಸಿ, ಅಂಚಿಗೆ ನೀರು ಚಿಮುಕಿಸಿ ತಣಿಸಿ ಹದಗೊಳಿಸುತ್ತಾರೆ.

ತಯಾರಾದ ಗಾಲಿಯನ್ನು ಹಾಗೆಯೇ ಬೋಗಿಗೆ ಹಾಕುವಂತಿಲ್ಲ. ಮೊದಲು ಅದು ಪರೀಕ್ಷಕರ ಕೈ ದಾಟಬೇಕು. ಗಾಲಿಯನ್ನು ಕಾಂತೀಕರಿಸಿ, ಹೊಳೆಯುವ ಕಬ್ಬಿಣದ ಹುಡಿ ಬೆರೆಸಿದ ದ್ರವವನ್ನು ಅದರ ಮೇಲೆ ಸುರಿದು, ಕತ್ತಲೆಯ ಗೂಡಿನಲ್ಲಿ ನೇರಳಾತೀತ ಬೆಳಕು ಬೀರಿ ನೋಡುತ್ತಾರೆ. ಬರಿಗಣ್ಣಿಗೆ ಕಾಣದ ಬಿರುಕಿದ್ದರೆ ಹುಡಿ ಅಲ್ಲಿ ಕೂಡಿಕೊಂಡು ಗೆರೆಯಾಗಿ ಹೊಳೆಯುತ್ತದೆ. ಉಕ್ಕಿನ ಒಳಗೆ ಅಡಗಿರುವ ದೋಷವನ್ನು ಹುಡುಕಲು ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಅದರೊಳಗೆ ಕಳಿಸುತ್ತಾರೆ. ಒಳಗೆ ಟೊಳ್ಳಿದ್ದರೆ ಅಲೆ ಅರ್ಧದಾರಿಯಲ್ಲೇ ಮರಳಿ ಬರುತ್ತದೆ. ತಾಯಂದಿರ ಗರ್ಭದ ಶಿಶುವನ್ನು ನೋಡುವ ಸ್ಕ್ಯಾನಿಂಗಿನ ತತ್ವವೂ ಇದೇ. ಆಮೇಲೆ ಗಡಸುತನದ ಪರೀಕ್ಷೆ, ಅಳತೆಯ ಪರೀಕ್ಷೆ.

ಗಾಲಿಯನ್ನು ಅಚ್ಚಿಗೆ ಕೂಡಿಸಲು ಬೋಲ್ಟೂ ಇಲ್ಲ, ಮೊಳೆಯೂ ಇಲ್ಲ. ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದಾದ ರಂಧ್ರದೊಳಗೆ ಭಾರಿ ಒತ್ತಡದಿಂದ ಅಚ್ಚನ್ನು ನೂಕಿ ಕೂರಿಸುತ್ತಾರೆ. ಆ ಒತ್ತಡ ಎಷ್ಟಿತ್ತೆಂಬುದು ನಕ್ಷೆಯಾಗಿ ದಾಖಲಾಗುತ್ತದೆ. ಪ್ರತಿಯೊಂದು ಗಾಲಿಗೂ ತನ್ನದೇ ಆದ ಸಂಖ್ಯೆಯಿರುತ್ತದೆ. ಎಲ್ಲಿಯೋ ದೂರದಲ್ಲಿ ಒಂದು ಗಾಲಿ ಒಡೆದರೆ ಅದು ಯಾವ ಎರಕದಲ್ಲಿ ಹುಟ್ಟಿತೆಂದು ಹಿಂದಕ್ಕೆ ಹುಡುಕಿ ಬರಲು ಇದರಿಂದ ಸಾಧ್ಯ. ಸಹಿ ಹಾಕಿದವನು ಆ ಗಾಲಿಯ ಆಯುಷ್ಯವಿಡೀ ಅದರ ಸಾಕ್ಷಿಯಾಗಿ ಉಳಿಯುತ್ತಾನೆ.

ಹಳಿಯ ಮೇಲಿನ ನಡಿಗೆ

ಗಾಲಿ ಎಷ್ಟೇ ಗಟ್ಟಿಯಾಗಿದ್ದರೂ ಹಳಿ ಸರಿಯಿಲ್ಲದಿದ್ದರೆ ಫಲವಿಲ್ಲ. ಹಳಿಯ ಪ್ರತಿಯೊಂದು ಭಾಗಕ್ಕೂ ಒಬ್ಬ ಕೀಮ್ಯಾನ್ ಇರುತ್ತಾನೆ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರು ಹೊತ್ತು ತನ್ನ ಪಾಲಿನ ಹಳಿಯನ್ನು ನಡೆದು ನೋಡುವುದು ಅವನ ನಿತ್ಯದ ಕೆಲಸ. ಸಡಿಲಗೊಂಡ ಬಿಗಿಪಟ್ಟಿಯನ್ನು ಬಡಿದು ಕೂರಿಸುತ್ತಾನೆ, ಜಲ್ಲಿ ಜಾರಿದ ಜಾಗವನ್ನು ಗುರುತು ಮಾಡಿಕೊಳ್ಳುತ್ತಾನೆ. ಉದ್ದಕ್ಕೂ ಬೆಸೆದ ಇಂದಿನ ಹಳಿಗಳು ಬೇಸಿಗೆಯ ಮಧ್ಯಾಹ್ನ ಹಿಗ್ಗಿ ಬಾಗಬಹುದು, ಚಳಿಗಾಲದ ರಾತ್ರಿ ಕುಗ್ಗಿ ಸೀಳಬಹುದು. ಆದ್ದರಿಂದ ಉರಿಬಿಸಿಲಿನಲ್ಲಿ ಒಂದು ಗಸ್ತು, ಕೊರೆಯುವ ಚಳಿಯಲ್ಲಿ ಒಂದು ಗಸ್ತು, ಮಳೆಗಾಲದಲ್ಲಿ ಮತ್ತೊಂದು ಗಸ್ತು. ನಾವು ಮನೆಯಿಂದ ಹೊರಗೆ ಕಾಲಿಡಲು ಹಿಂಜರಿಯುವ ಹೊತ್ತುಗಳೇ ಇವರ ಕೆಲಸದ ಹೊತ್ತುಗಳು.

ಹಳಿಯಲ್ಲಿ ಅಪಾಯ ಕಂಡರೆ ಅವನು ಮಾಡಬೇಕಾದುದನ್ನು ನಿಯಮ ಅಳತೆಯ ಸಮೇತ ಹೇಳಿದೆ. ಅಪಾಯದ ಸ್ಥಳದಿಂದ 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಡಿಟೋನೇಟರ್, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಗಾಲಿ ಹರಿದೊಡನೆ ಇವು ಪಟಾಕಿಯಂತೆ ಸಿಡಿದು ಚಾಲಕನನ್ನು ಎಚ್ಚರಿಸುತ್ತವೆ. ಕತ್ತಲಲ್ಲಿ ಕೆಂಪು ದೀಪ ಹಿಡಿದು, ಜಲ್ಲಿಕಲ್ಲಿನ ಮೇಲೆ, ಬರುತ್ತಿರುವ ಗಾಡಿಗೆ ಎದುರಾಗಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಓಡುವುದೆಂದರೆ ಏನೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಪರೀಕ್ಷಕನಿಗೆ ಒಡೆಯನಾರು?

ಈ ಎಲ್ಲ ಪರೀಕ್ಷಕರೂ ತಮ್ಮ ತಮ್ಮ ಇಲಾಖೆಗೆ ಸೇರಿದವರು. ಅವರ ಮೇಲೆ ಇನ್ನೊಂದು ಕಣ್ಣಿದೆ. ಅದೇ ರೈಲ್ವೆ ಸುರಕ್ಷತಾ ಆಯುಕ್ತರು. ಅವರ ದಕ್ಷಿಣ ವೃತ್ತದ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಹೊಸ ಮಾರ್ಗವನ್ನು ಪ್ರಯಾಣಿಕರಿಗೆ ತೆರೆಯುವ ಮುನ್ನ ಅವರು ಮೋಟಾರ್ ಟ್ರಾಲಿಯಲ್ಲಿ ಕುಳಿತು ಸೇತುವೆ, ತಿರುವು, ಪಾಯಿಂಟು, ನಿಲ್ದಾಣಗಳನ್ನು ನೋಡುತ್ತ ಸಾಗುತ್ತಾರೆ. ನಂತರ ವೇಗದ ಪರೀಕ್ಷೆ ನಡೆಸಿ, ಇಷ್ಟು ವೇಗಕ್ಕೆ ಮೀರದಂತೆ ಗಾಡಿ ಓಡಿಸಬಹುದೆಂದು ಲಿಖಿತ ಅನುಮತಿ ಕೊಡುತ್ತಾರೆ. ಗಂಭೀರ ಅಪಘಾತವಾದಾಗ ವಿಚಾರಣೆ ನಡೆಸುವವರೂ ಅವರೇ. ಆಗ ಅವರು ಪ್ರಕಟಣೆ ಹೊರಡಿಸಿ, ಘಟನೆಯ ಬಗ್ಗೆ ಬಲ್ಲ ಸಾರ್ವಜನಿಕರು ಬಂದು ಸಾಕ್ಷ್ಯ ನುಡಿಯಬೇಕೆಂದು ಕೋರುತ್ತಾರೆ.

ಗಮನಿಸತಕ್ಕ ಸಂಗತಿಯೆಂದರೆ ಈ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನದಲ್ಲಿಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದ್ದಾರೆ. ರೈಲಿಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ಅಚ್ಚರಿಯಾಗಬಹುದು. ಇದರ ಹಿಂದೆ ಒಂದು ವಿವೇಕವಿದೆ. ಮೊದಲು ಈ ಪರೀಕ್ಷಕರು ರೈಲ್ವೆ ಮಂಡಳಿಯ ಕೈಕೆಳಗೇ ಇದ್ದರು. ಯಾರ ಕೆಲಸವನ್ನು ಪರೀಕ್ಷಿಸಬೇಕೋ ಅವರೇ ಒಡೆಯರಾಗಿದ್ದರೆ ನಿರ್ಭಯವಾಗಿ ಬರೆಯುವುದು ಹೇಗೆ? ಈ ವಿಚಾರದಿಂದಲೇ 1941ರಲ್ಲಿ ಅವರನ್ನು ಬೇರ್ಪಡಿಸಿ ಅಂದಿನ ಅಂಚೆ ಮತ್ತು ವಿಮಾನ ಇಲಾಖೆಗೆ ಸೇರಿಸಲಾಯಿತು. 1961ರಲ್ಲಿ ಇಂದಿನ ಹೆಸರು ಬಂದಿತು. ಮನೆಯ ಲೆಕ್ಕವನ್ನು ಹೊರಗಿನವರಿಂದ ತೋರಿಸಿಕೊಳ್ಳುವ ಸಂಪ್ರದಾಯ ನಮ್ಮ ಸಂಘಸಂಸ್ಥೆಗಳಲ್ಲಿಯೂ ಇದೆಯಲ್ಲವೇ? ಇದೂ ಹಾಗೆಯೇ.

ಮೆಟ್ರೋ ರೈಲಿಗೂ ಇದೇ ಪದ್ಧತಿ. ಸಂಪಿಗೆ ರಸ್ತೆಯಿಂದ ಯಶವಂತಪುರದ ಮೂಲಕ ಪೀಣ್ಯಕ್ಕೆ 'ನಮ್ಮ ಮೆಟ್ರೋ' 2014ರ ಮಾರ್ಚ್ 1ರಂದು ತೆರೆಯಿತು. ನಾಗಸಂದ್ರದವರೆಗಿನ ವಿಸ್ತರಣೆ 2015ರ ಮೇ 1ರಂದು. ಪ್ರತಿ ಸಲವೂ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆಯ ನಂತರವೇ ಜನ ಹತ್ತಿದ್ದು. "ಕಂಬ ಎದ್ದು ಎಷ್ಟೋ ಕಾಲವಾಯಿತು, ಗಾಡಿಯೂ ಬಂದಿದೆ, ಇನ್ನೂ ಏಕೆ ಬಿಟ್ಟಿಲ್ಲ?" ಎಂದು ನಾವು ಬೇಸರಿಸುತ್ತೇವೆ. ಆ ತಡದ ಒಂದು ಭಾಗ ನಮ್ಮ ಮಕ್ಕಳ ಪ್ರಾಣಕ್ಕೆ ಇಟ್ಟ ಕಾವಲು ಎಂಬುದನ್ನು ಮರೆಯಬಾರದು.

ಆದರೆ ಕೊನೆಯಲ್ಲಿ ಬರುವ ಆಯುಕ್ತರಷ್ಟೇ ಸಾಲದು; ಕಟ್ಟುವ ದಿನಗಳಲ್ಲಿಯೂ ಕಣ್ಣಿರಬೇಕು. 2023ರ ಜನವರಿ 10ರಂದು ನಾಗವಾರದ ಬಳಿ, ವಿಮಾನ ನಿಲ್ದಾಣದ ಮೆಟ್ರೋ ಮಾರ್ಗಕ್ಕಾಗಿ ನಿಲ್ಲಿಸಿದ್ದ ಕಂಬದ ಸರಳುಗಳ ಎತ್ತರದ ಚೌಕಟ್ಟು ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಕುಟುಂಬದ ತಾಯಿಯೂ ಎಳೆಯ ಮಗುವೂ ಅಸುನೀಗಿದರು. ಅವರು ಮೆಟ್ರೋ ಪ್ರಯಾಣಿಕರಾಗಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ತಮ್ಮಷ್ಟಕ್ಕೆ ಸಾಗುತ್ತಿದ್ದವರು. ಇನ್ನೂ ಹುಟ್ಟದ ಮಾರ್ಗವೂ ಪ್ರಾಣ ತೆಗೆಯಬಲ್ಲದೆಂಬ ಕಹಿ ಪಾಠವನ್ನು ಆ ಮುಂಜಾನೆ ನಮ್ಮ ಬಡಾವಣೆಗಳಿಗೆ ಕಲಿಸಿತು.

ಒಂದು ಎಚ್ಚರಿಕೆ, ಒಂದು ದುರಂತ

ಅದೇ ವರ್ಷದ ಫೆಬ್ರವರಿ 8ರಂದು ನಡೆದ ಒಂದು ಘಟನೆ ಹೆಚ್ಚಿನವರ ಗಮನಕ್ಕೆ ಬರಲೇ ಇಲ್ಲ. ಯಶವಂತಪುರಕ್ಕೂ ದೆಹಲಿಯ ನಿಜಾಮುದ್ದೀನ್‌ಗೂ ನಡುವೆ ಓಡುವ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಬೀರೂರು-ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ನಿಲ್ದಾಣದಿಂದ ಹೊರಟಾಗ, ಅದು ಹೋಗಬೇಕಾದ ದಾರಿ ಒಂದಾಗಿದ್ದರೆ ಪಾಯಿಂಟು ತಿರುಗಿದ್ದು ಇನ್ನೊಂದು ದಾರಿಗೆ. ಚಾಲಕನು ಇದನ್ನು ಗಮನಿಸಿ ಗಾಡಿಯನ್ನು ನಿಲ್ಲಿಸಿದ. ಏನೂ ಆಗಲಿಲ್ಲ. ಆದರೆ 'ಏನೂ ಆಗಲಿಲ್ಲ' ಎಂದು ಸುಮ್ಮನಾಗದ ಅಧಿಕಾರಿಯೊಬ್ಬರು ನೈಋತ್ಯ ರೈಲ್ವೆಯಲ್ಲಿದ್ದರು. ಮರುದಿನವೇ ಅವರು ಪತ್ರ ಬರೆದು, ಸಿಗ್ನಲ್ ಮತ್ತು ಪಾಯಿಂಟುಗಳನ್ನು ಒಂದಕ್ಕೊಂದು ಹೆಣೆದಿರುವ ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಸಿಬ್ಬಂದಿ ಅಡ್ಡದಾರಿ ಹಿಡಿಯದಂತೆ ತಡೆಯಬೇಕು, ಇಲ್ಲವಾದರೆ ದೊಡ್ಡ ಅಪಘಾತಗಳಾಗಬಹುದು ಎಂಬ ಅರ್ಥದಲ್ಲಿ ಎಚ್ಚರಿಸಿದರು.

ನಾಲ್ಕು ತಿಂಗಳು ತುಂಬುವ ಮೊದಲೇ, 2023ರ ಜೂನ್ 2ರ ಸಂಜೆ, ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸಿರು ಸಿಗ್ನಲ್ ದೊರೆಯಿತು. ಪಾಯಿಂಟು ಮಾತ್ರ ಪಕ್ಕದ ಮಾರ್ಗಕ್ಕೆ ತಿರುಗಿತ್ತು. ಅಲ್ಲಿ ನಿಂತಿದ್ದ ಸರಕು ಗಾಡಿಗೆ ಅದು ಅಪ್ಪಳಿಸಿತು. ಹಳಿ ತಪ್ಪಿದ ಬೋಗಿಗಳು, ಅದೇ ಗಳಿಗೆಯಲ್ಲಿ ಪಕ್ಕದಲ್ಲಿ ಹಾದುಹೋಗುತ್ತಿದ್ದ ಬೆಂಗಳೂರು-ಹೌರಾ ಗಾಡಿಯ ಕೊನೆಯ ಬೋಗಿಗಳಿಗೆ ಬಡಿದವು. 290ಕ್ಕೂ ಹೆಚ್ಚು ಜನ ಮೃತಪಟ್ಟರು. ಆ ರಾತ್ರಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ "ಮುಟ್ಟಿದೆವು" ಎಂಬ ಮಾತಿಗಾಗಿ ಕಾದವರಿದ್ದರು.

ವಿಚಾರಣೆ ನಡೆಸಿದ ಸುರಕ್ಷತಾ ಆಯುಕ್ತರು, ಹಿಂದೆ ಸಿಗ್ನಲ್ ಜಾಲದಲ್ಲಿ ಮಾಡಿದ್ದ ಬದಲಾವಣೆಯ ಲೋಪವನ್ನೂ, ಲೆವೆಲ್ ಕ್ರಾಸಿಂಗಿನ ಗೇಟಿಗೆ ಸಂಬಂಧಿಸಿದ ದುರಸ್ತಿಯ ಲೋಪವನ್ನೂ ಗುರುತಿಸಿದರು. ಪೆಟ್ಟಿಗೆಯೊಳಗಿನ ತಂತಿಗಳಿಗೆ ಅಂಟಿಸಿದ್ದ ಹೆಸರಿನ ಚೀಟಿ ತಪ್ಪಾಗಿತ್ತು. ವರ್ಷಗಳ ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ದಕ್ಷಿಣದಲ್ಲಿ ಬರೆದ ಎಚ್ಚರಿಕೆಯ ಪತ್ರ ಪತ್ರಿಕೆಗಳಲ್ಲಿ ಪ್ರಕಟವಾದದ್ದು ಈ ದುರಂತದ ನಂತರ. ಎರಡೂ ಕಡೆ ಗಾಡಿ ತಪ್ಪು ದಾರಿಗೆ ತಿರುಗಿತು. ಒಂದು ಕಡೆ ಗಾಡಿ ಆಗಷ್ಟೇ ಹೊರಟಿತ್ತು, ಚಾಲಕನ ಕಣ್ಣು ನೋಡಲು ಸಮಯವಿತ್ತು. ಇನ್ನೊಂದು ಕಡೆ ಗಾಡಿ ಪೂರ್ಣ ವೇಗದಲ್ಲಿತ್ತು, ಯಾವ ಕಣ್ಣಿಗೂ ಸಮಯವಿರಲಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಗಾಡಿ ಬರುವ ಮೊದಲು. ಇಷ್ಟೇ ಇದರ ಸಾರ.

ಪರೀಕ್ಷಕನ ಅರೆಮಾತಿನಿಂದ ಆಗುವ ಹಾನಿಗೆ ಹಳೆಯ ನಿದರ್ಶನವೊಂದಿದೆ. ಸ್ಕಾಟ್ಲೆಂಡಿನ ಟೇ ನದಿಯ ಸೇತುವೆಯನ್ನು 1878ರಲ್ಲಿ ಪರೀಕ್ಷಿಸಿದ ಸರ್ಕಾರಿ ನಿರೀಕ್ಷಕರು ಅದಕ್ಕೆ ಅನುಮತಿ ಕೊಟ್ಟರು. ಬಿರುಗಾಳಿ ಬೀಸುವಾಗ ರೈಲು ಅದರ ಮೇಲೆ ಸಾಗುವುದನ್ನು ಅವಕಾಶವಾದರೆ ನೋಡಬೇಕೆಂಬ ಇಚ್ಛೆಯನ್ನು ಮಾತ್ರ ವರದಿಯಲ್ಲಿ ಬರೆದರು. ಆ ಇಚ್ಛೆ ಇಚ್ಛೆಯಾಗಿಯೇ ಉಳಿಯಿತು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಸೇತುವೆಯ ನಡುಭಾಗ ರೈಲಿನ ಸಮೇತ ನದಿಗೆ ಬಿತ್ತು. ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಮನಸ್ಸಿನಲ್ಲಿ ಅನುಮಾನವಿದ್ದರೆ ಅದನ್ನು ಇಚ್ಛೆಯಾಗಿ ಬರೆಯಬಾರದು, ಷರತ್ತಾಗಿ ಬರೆಯಬೇಕು.

ಮೇಲ್ಸೇತುವೆ ಮುಚ್ಚಿದ ದಿನಗಳು

ನಮ್ಮ ಮಗ್ಗುಲಲ್ಲೇ ನಡೆದ ಇನ್ನೊಂದು ಸಂಗತಿಯನ್ನು ತುಮಕೂರಿಗೆ, ಸಿದ್ಧಗಂಗೆಗೆ ಹೋಗಿಬರುವ ಓದುಗರೆಲ್ಲ ಬಲ್ಲರು. ಗೊರಗುಂಟೆಪಾಳ್ಯದ ಕಡೆಯಿಂದ ನಾಗಸಂದ್ರದ ಕಡೆಗೆ ಸಾಗುವ ಪೀಣ್ಯದ ಮೇಲ್ಸೇತುವೆ 4 ಕಿಲೋಮೀಟರಿಗೂ ಉದ್ದವಾದದ್ದು, 2010ರಲ್ಲಿ ತೆರೆದದ್ದು. ಅದರ 102 ಮತ್ತು 103ನೆಯ ಕಂಬಗಳ ನಡುವಿನ ಭಾಗದಲ್ಲಿ, ಕಾಂಕ್ರೀಟನ್ನು ಒಳಗಿನಿಂದ ಬಿಗಿದು ಹಿಡಿದಿರುವ ಉಕ್ಕಿನ ಕೇಬಲ್ಲುಗಳು ಶಿಥಿಲವಾಗಿರುವುದು ಕಂಡುಬಂದಿತು. 2021ರ ಡಿಸೆಂಬರ್ 25ರಂದು ಮೇಲ್ಸೇತುವೆಯನ್ನು ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ದೊರೆಯಿತು. ಬಸ್ಸು, ಲಾರಿ ಮುಂತಾದ ಭಾರಿ ವಾಹನಗಳಿಗೆ ಮಾತ್ರ ಅವಕಾಶ ದೊರೆತದ್ದು 2024ರ ಜುಲೈ ಕೊನೆಯಲ್ಲಿ. ಅದೂ ಹೆಚ್ಚುವರಿ ಕೇಬಲ್ಲುಗಳನ್ನು ಅಳವಡಿಸಿ, ಭಾರ ಹೊರಿಸಿ ಪರೀಕ್ಷಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆ ಪಡೆದ ಮೇಲೆ.

ಎರಡೂವರೆ ವರ್ಷ! ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ಆಮೆಯಂತೆ ತೆವಳುತ್ತಿದ್ದಾಗ ಯಾರು ಗೊಣಗಲಿಲ್ಲ? ಈ ಲೇಖಕನೂ ಗೊಣಗಿದವರಲ್ಲಿ ಒಬ್ಬ. ಬಸ್ಸಿನ ಕಿಟಕಿಯಿಂದ ಮೇಲೆ ನೋಡಿ, ಕಾರುಗಳು ಹೋಗುವ ಸೇತುವೆ ಬಸ್ಸನ್ನು ಹೊರಲಾರದೇ ಎಂದು ಸಿಡುಕಿದ್ದುಂಟು. ಆಗ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು, "ತಡವಾದರೆ ಪೂಜೆ ತಡವಾಗುತ್ತದಪ್ಪ, ಅಷ್ಟೇ. ಬಿದ್ದರೆ ಏನು ಮಾಡುತ್ತೀರಿ?" ಎಂದರು. ಮಾವನವರನ್ನು ಬೈದ ಪ್ರಯಾಣಿಕರ ನೆನಪಾಗಿ ನಾನು ಬಾಯಿ ಮುಚ್ಚಿಕೊಂಡೆ. ಸಾವಿರಾರು ಜನ ಶಪಿಸುತ್ತಿರುವಾಗಲೂ "ಸದ್ಯಕ್ಕೆ ಬೇಡ" ಎಂದು ನಿಲ್ಲುವ ಧೈರ್ಯ ಸಣ್ಣದಲ್ಲ.

ಬಸ್ಸಿನ ಪರೀಕ್ಷೆ

ಬಸ್ಸುಗಳ ವಿಷಯದಲ್ಲಿ ಈ ಹೊಣೆ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರದು. ಯಶವಂತಪುರದ ಪ್ರಾದೇಶಿಕ ಸಾರಿಗೆ ಕಚೇರಿಯ 'ಕೆಎ 04', ಯಲಹಂಕದ 'ಕೆಎ 50' ಸಂಖ್ಯೆಗಳು ನಮ್ಮ ಬೀದಿಯ ವಾಹನಗಳ ಮೇಲೆಲ್ಲ ಇವೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬಾಡಿಗೆಗೆ ಓಡುವ ಪ್ರತಿಯೊಂದು ವಾಹನಕ್ಕೂ ಅರ್ಹತಾ ಪತ್ರ ಇರಲೇಬೇಕು. ಜನರ ಬಾಯಲ್ಲಿ ಅದು 'ಎಫ್.ಸಿ.'. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಾದರೆ ವರ್ಷಕ್ಕೊಮ್ಮೆ ಪರೀಕ್ಷೆ. ಬ್ರೇಕು, ಸ್ಟೇರಿಂಗು, ಟೈರು, ದೀಪ, ವೇಗ ನಿಯಂತ್ರಕ, ತುರ್ತು ಬಾಗಿಲು, ಬೆಂಕಿ ನಂದಿಸುವ ಸಿಲಿಂಡರು ಎಲ್ಲವನ್ನೂ ನೋಡಬೇಕು. ಇದಲ್ಲದೆ ಹೆಬ್ಬಾಳ, ಯಲಹಂಕ, ಯಶವಂತಪುರಗಳ ಡಿಪೋಗಳಲ್ಲಿ ರಾತ್ರಿ ಬಸ್ಸು ಮರಳಿದ ಮೇಲೆ, ಚಾಲಕನು ಬರೆದುಕೊಟ್ಟ ದೋಷಗಳನ್ನು ಮೆಕ್ಯಾನಿಕ್‌ಗಳು ಬೆಳಗಾಗುವುದರೊಳಗೆ ಸರಿಪಡಿಸಬೇಕು.

2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಗೋಡೆಗೆ ಬಡಿದು ಬೆಂಕಿಗೆ ಆಹುತಿಯಾಯಿತು. 45 ಮಂದಿ ಬೆಂದುಹೋದರು. ದೀಪಾವಳಿಯ ಹೊಸ್ತಿಲಲ್ಲಿ ಊರಿಗೆ ಹೊರಟಿದ್ದವರು ಅವರಲ್ಲಿದ್ದರು. ಇಂಥ ಬೆಂಕಿಯಲ್ಲಿ ಹೊರಗೆ ಬರಲು ದೊರೆಯುವ ಸಮಯ ಕೆಲವೇ ನಿಮಿಷ. ತುರ್ತು ಬಾಗಿಲು ತೆರೆಯುತ್ತದೆಯೇ, ಗಾಜು ಒಡೆಯುವ ಸುತ್ತಿಗೆ ತನ್ನ ಜಾಗದಲ್ಲಿದೆಯೇ ಎಂದು ನಿರೀಕ್ಷಕನು ನೋಡಿ ಗುರುತು ಹಾಕುವ ಒಂದು ಚೌಕಕ್ಕೆ ಎಷ್ಟು ಜೀವಗಳ ತೂಕವಿದೆಯೆಂಬುದು ಅಂಥ ದಿನ ತಿಳಿಯುತ್ತದೆ. ನೋಡದೆ ಹಾಕಿದ ಸಹಿ ಬರಿಯ ಸುಳ್ಳಲ್ಲ, ಪಾಪ.

ತರುಣರಿಗೂ ಮನೆಯವರಿಗೂ

ನಮ್ಮ ಮನೆಗಳ ಮಕ್ಕಳಲ್ಲಿ ಎಂಜಿನಿಯರಿಂಗ್ ಓದಿದವರು ಬಹಳ ಮಂದಿ. ಅವರಲ್ಲಿ ಕೆಲವರಾದರೂ ಈ ಕಡೆ ನೋಡಬೇಕೆಂಬುದು ನನ್ನ ಆಸೆ. ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆ ಬರೆದು ಡಿಪ್ಲೊಮಾ ಆದವರು ಕಿರಿಯ ಎಂಜಿನಿಯರರಾಗಬಹುದು. ಪದವೀಧರರಿಗೆ ಕೇಂದ್ರ ಲೋಕಸೇವಾ ಆಯೋಗದ ಎಂಜಿನಿಯರಿಂಗ್ ಸೇವೆಗಳ ಪರೀಕ್ಷೆಯ ದಾರಿಯಿದೆ. ಸುರಕ್ಷತಾ ಆಯುಕ್ತರಾಗುವವರು ರೈಲ್ವೆಯಲ್ಲಿ ದೀರ್ಘ ಕಾಲ ದುಡಿದು ಅನುಭವ ಪಡೆದ ಹಿರಿಯ ಅಧಿಕಾರಿಗಳೇ. ಮೋಟಾರು ವಾಹನ ನಿರೀಕ್ಷಕರಾಗಲು ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಶಿಕ್ಷಣದ ಜೊತೆಗೆ ವಾಹನ ಚಾಲನೆಯ ಪರವಾನಗಿ ಅಗತ್ಯ. ಓದಿಗಿಂತ ಮಿಗಿಲಾಗಿ ಬೇಕಾದದ್ದು ಎರಡು ಗುಣ: ಸಣ್ಣದನ್ನು ಸಣ್ಣದೆಂದು ಬಿಡದಿರುವುದು, ಮತ್ತು ಬೇಡವೆನ್ನಬೇಕಾದಲ್ಲಿ ಬೇಡವೆನ್ನುವುದು. ಎರಡನೆಯದನ್ನು ಯಾವ ಕಾಲೇಜೂ ಕಲಿಸದು, ಮನೆ ಕಲಿಸಬೇಕು.

ಪ್ರಯಾಣಿಕರಾದ ನಮ್ಮ ಪಾಲಿನ ಕರ್ತವ್ಯವೂ ಇದೆ. ಬಸ್ಸು ಹತ್ತಿದ ಕೂಡಲೇ ತುರ್ತು ಬಾಗಿಲು ಎಲ್ಲಿದೆಯೆಂದು ಮಕ್ಕಳಿಗೆ ತೋರಿಸಿ. ಅದಕ್ಕೆ ಅಡ್ಡವಾಗಿ ಗಂಟುಮೂಟೆ ಇಡಬೇಡಿ. ಯಾತ್ರೆಗೆ ಹೋಗುವಾಗ ಸ್ಟೌ, ಸೀಮೆಎಣ್ಣೆ, ಗ್ಯಾಸು, ಪಟಾಕಿಗಳನ್ನು ರೈಲಿನಲ್ಲಿ ಒಯ್ಯಬೇಡಿ. ಕಾನೂನಿನಲ್ಲಿ ಇದಕ್ಕೆ ಜೈಲುಶಿಕ್ಷೆಯೂ ಉಂಟು. ಯಾತ್ರೆಗೆ ಬಸ್ಸು ಗೊತ್ತುಮಾಡುವಾಗ ಬಾಡಿಗೆಯ ಚೌಕಾಸಿಯೊಡನೆ ಎಫ್.ಸಿ.ಯನ್ನೂ ಕೇಳಿ ನೋಡಿ. ರೈಲಿನಲ್ಲಿ ಏನಾದರೂ ಅಸಹಜವಾಗಿ ಕಂಡರೆ 139ಕ್ಕೆ ತಿಳಿಸಿ. ಗಾಡಿ ದಾರಿಯಲ್ಲಿ ನಿಂತಾಗ ಹಳಿಯ ಬದಿಯಲ್ಲಿ ದೀಪ ಹಿಡಿದು ನಿಂತವನ ಮೇಲೆ ಸಿಟ್ಟಾಗುವ ಮೊದಲು ಒಂದು ಗಳಿಗೆ ಯೋಚಿಸಿ.

ಮಾವನವರಿಗೆ ಈಗ ವಯಸ್ಸಾಗಿದೆ. ಕಿವಿ ಮಂದವಾಗಿದೆ. ಆದರೂ ಯಲಹಂಕದ ಮನೆಯ ಜಗಲಿಯಲ್ಲಿ ಕುಳಿತಿರುವಾಗ ದೂರದಲ್ಲಿ ಗಾಡಿ ಹಾದುಹೋದರೆ ಅವರ ತಲೆ ಆ ಕಡೆಗೆ ತಿರುಗುತ್ತದೆ. ಗಾಲಿಯ ಸದ್ದು ಸಮವಾಗಿದೆಯೇ ಎಂದು ಕೇಳಿಸಿಕೊಳ್ಳುವ ಹಾಗೆ ಕೊಂಚ ಹೊತ್ತು ಸುಮ್ಮನಿರುತ್ತಾರೆ. ಸದ್ದು ಅಡಗಿದ ಮೇಲೆ ಮತ್ತೆ ಮಾತಿಗೆ ಮರಳುತ್ತಾರೆ. ಮೊನ್ನೆ ಹೀಗೆಯೇ ಆದಾಗ, "ಏನು ಮಾವ?" ಎಂದು ಕೇಳಿದೆ.

"ಏನೂ ಇಲ್ಲಪ್ಪ, ಸರಿಯಾಗಿ ಹೋಯಿತು" ಎಂದರು.

ಇಂದು ರಾತ್ರಿ ಯಶವಂತಪುರದಿಂದ ಹೊರಡುವ ಎಲ್ಲ ಗಾಡಿಗಳೂ ಹಾಗೆಯೇ ಸರಿಯಾಗಿ ಹೋಗಲಿ. ಅವುಗಳಿಗಾಗಿ ಎಚ್ಚರವಿರುವವರ ಮನೆಗಳಲ್ಲಿಯೂ ಕ್ಷೇಮವಿರಲಿ.